ಹೆದ್ದಾರಿ ಬಾಗಿದ್ದು ಯಾರಿಗೆ?

ಈ ಎಲ್ಲ ಪೀಕಲಾಟಕ್ಕೆ ಕಾರಣ ಒಂದು ಚಹಾ ಲೋಟ.

ರಸ್ತೆ ಇಲಾಖೆಯ ಉಪಕಚೇರಿಯಲ್ಲಿ ಎಂಜಿನಿಯರ್ ಸಾಹೇಬರು ಹನ್ನೊಂದು ತಿಂಗಳಿಂದ, ದಿನಕ್ಕೆ ನಾಲ್ಕು ಸಲ, ಆ ಲೋಟವನ್ನು ಒಂದೇ ಕಾಗದದ ಮೇಲೆ ಇಡುತ್ತ ಬಂದಿದ್ದರು. ಮೇಜಿಗೆ ಕಲೆಯಾಗಬಾರದಲ್ಲ. ಸರ್ಕಾರಿ ಆಸ್ತಿಯ ಬಗ್ಗೆ ಅವರಿಗಿದ್ದ ಕಾಳಜಿಯೆಲ್ಲ ಆ ಮೇಜಿಗೇ ಖರ್ಚಾಗಿ, ರಸ್ತೆಗಳಿಗೆ ಏನೂ ಉಳಿದಿರಲಿಲ್ಲ. ಆ ದಿನ ಬೆಳಿಗ್ಗೆ ಹತ್ತೂಕಾಲಿಗೆ ಮುಖ್ಯ ಕಚೇರಿಯಿಂದ ಫೋನ್ ಬಂತು. ಸಾಹೇಬರು ಕುರ್ಚಿಯಿಂದ ಎದ್ದು ನಿಂತು ಹತ್ತು ಸಲ ‘ಸಾರ್’ ಅಂದರು. ಫೋನ್ ಇಟ್ಟು, ಲೋಟ ಎತ್ತಿ, ಕೆಳಗಿನ ಕಾಗದವನ್ನು ಮೊದಲ ಬಾರಿಗೆ ಕಾಗದ ಎಂದು ಗುರುತಿಸಿದರು. ಅದರ ಮೇಲೆ ಒಂದರೊಳಗೊಂದು ಸಿಕ್ಕಿಹಾಕಿಕೊಂಡ ಕಂದು ಬಳೆಗಳು. ಬಳೆಗಳ ಸಂದಿಯಲ್ಲಿ ಅಲ್ಲಲ್ಲಿ ಅಕ್ಷರ.

ಅಕ್ಷರಗಳಿಂದ ತಿಳಿದುಬಂದದ್ದು ಇಷ್ಟು. ರೈಲ್ವೆ ಸ್ಟೇಷನ್ನಿಗೂ ಹೊಳೆ ಸೇತುವೆಗೂ ನಡುವಿನ ನಲವತ್ತಾರು ಕಿಲೋಮೀಟರಿನ ರಾಜ್ಯ ಹೆದ್ದಾರಿ ಹೆಚ್ಚುಕಡಿಮೆ ಸ್ಕೇಲು ಇಟ್ಟು ಗೆರೆ ಎಳೆದಂತಿದೆ. ಆದರೆ ಹದಿನಾಲ್ಕನೇ ಕಲ್ಲಿನ ಸಮೀಪ ಗುಡ್ಡ, ಕೆರೆ, ಬಂಡೆ ಯಾವುದೂ ಇಲ್ಲದೆ ದಾರಿ ಬಾಗಿ ಸುತ್ತಿಕೊಂಡು ಹೋಗುತ್ತದೆ. ಹೀಗೇಕೆ ಎಂದು ಸ್ಥಳೀಯರ ಹೇಳಿಕೆಗಳೊಂದಿಗೆ ವರದಿ ಮಾಡತಕ್ಕದ್ದು. ಗಡುವು ಮುಗಿದು ಹತ್ತು ತಿಂಗಳಾಗಿತ್ತು. ಹೊಸ ಗಡುವು ಇವತ್ತು ಸಂಜೆ ಐದು ಗಂಟೆಯ ಟಪಾಲು ಜೀಪು.

ಸಾಹೇಬರು ಗಂಟೆ ಒತ್ತಿ ಆಯ್ತಪ್ಪನನ್ನು ಕರೆಸಿದರು.

ಆಯ್ತಪ್ಪ ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಅವನು ಆ ಕಚೇರಿಯ ಗುಮಾಸ್ತ. ಯಾರು ಏನು ಹೇಳಿದರೂ ಮಾತು ಮುಗಿಯುವ ಮೊದಲೇ ‘ಆಯ್ತು’ ಅನ್ನುವುದು ಅಭ್ಯಾಸ. ಹದಿನಾರು ವರ್ಷದ ನೌಕರಿಯಲ್ಲಿ ಅವನು ‘ಇಲ್ಲ’ ಅಂದದ್ದು ಒಂದೇ ಸಲ, ಅದೂ ಬಡ್ತಿ ಬಂತಾ ಎಂದು ಹೆಂಡತಿ ಕೇಳಿದಾಗ.

“ಏನ್ರೀ, ನಿಮ್ಮ ಮನೆ ಆ ತಿರುವಿನಲ್ಲೇ ಅಲ್ವಾ? ಅಲ್ಲಿ ದಾರಿ ಯಾಕೆ ಬಾಗಿದೆ?”

“ನಾನು ಮದುವೆಯಾಗಿ ಹೋಗೋ ಹೊತ್ತಿಗೇ ಬಾಗಿತ್ತು ಸಾರ್.”

ಹಾಗಾದರೆ ಯಾಕೆ ಬಾಗಿತು ಅಂತ ಅಕ್ಕಪಕ್ಕದವರನ್ನು ಕೇಳಿ, ಹೇಳಿಕೆ ಬರೆಸಿಕೊಂಡು, ಸೀಲು ಹಾಕಿ, ಐದರೊಳಗೆ ತನ್ನಿ ಎಂದು ಸಾಹೇಬರು ಅಪ್ಪಣೆ ಕೊಟ್ಟರು. ಆಯ್ತಪ್ಪ ಆಯ್ತು ಅಂದ. ಬಳೆ ತೊಟ್ಟ ಕಾಗದ, ಕಚೇರಿಯ ಸೀಲು, ಇಂಕ್ ಪ್ಯಾಡು, ಒಂದಿಷ್ಟು ಬಿಳಿ ಹಾಳೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಕಚೇರಿ ಹೊತ್ತಿನಲ್ಲಿ ಮನೆಗೆ ಹೋಗುವುದು, ಅದೂ ಸರ್ಕಾರದ ಖರ್ಚಿನಲ್ಲಿ. ಒಳ್ಳೆಯ ದಿನ ಅಂದುಕೊಂಡ, ಪಾಪ.

ಆ ತಿರುವಿನ ವಿಷಯ ಹೇಳಬೇಕು. ಸ್ಟೇಷನ್ನಿನಿಂದ ಒಂದೇ ಸಮ ಬಂದ ದಾರಿ ಅಲ್ಲಿಗೆ ಬಂದದ್ದೇ, ಸಾಲ ಕೊಟ್ಟವನನ್ನು ಕಂಡವನ ಹಾಗೆ ತಟ್ಟನೆ ಎಡಕ್ಕೆ ಹೊರಳಿ, ನಾಲ್ಕು ಮನೆಗಳ ಒಂದು ಸಾಲನ್ನು ಬಳಸಿಕೊಂಡು, ಆಚೆ ಹೋಗಿ ಮತ್ತೆ ಏನೂ ಆಗದವರಂತೆ ನೆಟ್ಟಗೆ ನಡೆಯುತ್ತಿತ್ತು. ಸಾಲಿನ ತುದಿಯಲ್ಲಿ, ತಿರುವಿಗೆ ತಾಗಿದಂತೆ, ದರ್ಜಿಯ ಅಂಗಡಿ ಮತ್ತು ಮನೆ. ಪಕ್ಕದಲ್ಲಿ ಹಿಟ್ಟಿನ ಗಿರಣಿಯವರು. ಮೂರನೆಯದು ಆಯ್ತಪ್ಪನ ಅತ್ತೆಯ ಮನೆ. ನಾಲ್ಕನೆಯದು ನಿವೃತ್ತ ಹೆಡ್‌ಮಾಸ್ಟರರದು.

ಅತ್ತೆಯ ಮನೆ ಎಂದು ಬೇಕೆಂದೇ ಹೇಳಿದೆ. ಆಯ್ತಪ್ಪ ಮನೆಅಳಿಯ. ಹದಿನಾಲ್ಕು ವರ್ಷದಲ್ಲಿ ಆ ಮನೆಯೊಳಗೆ ಅವನದು ಅಂತ ಆದದ್ದು ಗೋಡೆಯ ಒಂದು ಮೊಳೆ. ಅದಕ್ಕೆ ಅವನ ಅಂಗಿ ನೇತಾಡುತ್ತಿತ್ತು. ಹಬೆಯಾಡುವ ಅನ್ನದ ಮುಂದೆ ಕೂತಾಗಲೂ ಅವನಿಗೆ ಹೋಟೆಲಿಗೆ ಬಂದು ದುಡ್ಡು ಮರೆತವನ ಸಂಕೋಚ.

ಹೊತ್ತಲ್ಲದ ಹೊತ್ತಿನಲ್ಲಿ ಯಾಕೆ ಬಂದಿರಿ ಎಂದು ಹೆಂಡತಿ ಗಾಬರಿಯಾಗಿ ಕೇಳಿದಳು. ಅವನು ಮೆಲ್ಲಗೆ ವಿಷಯ ಹೇಳಿದ. ಮೆಲ್ಲಗೆ ಹೇಳಿದ್ದೇ ತಪ್ಪಾಯಿತು. ಜೋರಾಗಿ ಹೇಳಿದ ಮಾತು ಅತ್ತೆಗೆ ಅರ್ಧ ಕೇಳಿಸುತ್ತಿತ್ತು. ಮೆಲ್ಲಗೆ ಹೇಳಿದ್ದು ಅಕ್ಷರ ಬಿಡದೆ ಕೇಳಿಸುತ್ತಿತ್ತು. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಅಳಿಯನ ಎದುರು ನಿಂತರು.

“ಬರ್ಕೊಳ್ಳಿ ಅಳಿಯಂದ್ರೇ. ಇಷ್ಟು ವರ್ಷಕ್ಕಾದ್ರೂ ಸರ್ಕಾರಕ್ಕೆ ಕೇಳಬೇಕು ಅನ್ನಿಸ್ತಲ್ಲ.”

ಅತ್ತೆಯ ಪ್ರಕಾರ ನಡೆದದ್ದು ಹೀಗೆ. ಅವರ ಯಜಮಾನರು ಆ ಸೀಮೆಗೆಲ್ಲ ಹೆಸರಾದ ಹಲ್ಲಿನ ಡಾಕ್ಟರು. ದಾರಿ ಅಳೆಯಲು ಬಂದ ದೊಡ್ಡ ಅಧಿಕಾರಿಗೆ ಇದೇ ಜಾಗದಲ್ಲಿ ದವಡೆ ಹಲ್ಲು ನೋವು ಹತ್ತಿತು. ನೆಲದ ಮೇಲೆ ಹೊರಳಾಡುತ್ತಿದ್ದವನನ್ನು ಯಜಮಾನರು ಇದೇ ಜಗಲಿಗೆ ಎತ್ತಿ ತಂದು, ಒಂದೇ ಎಳೆತಕ್ಕೆ ಹಲ್ಲು ಕಿತ್ತರು. ಅಧಿಕಾರಿ ಕಣ್ಣೀರಿಟ್ಟು, ಇಂಥ ಪುಣ್ಯಾತ್ಮರ ಮನೆಯನ್ನು ಒಡೆದು ದಾರಿ ಮಾಡಿದರೆ ನನ್ನ ಉಳಿದ ಹಲ್ಲುಗಳೂ ನನ್ನನ್ನು ಕ್ಷಮಿಸಲಾರವು ಅಂದು, ದಾರಿಯನ್ನೇ ತಿರುಗಿಸಿದ. ಅಧಿಕಾರಿ ಕಣ್ಣೀರಿಟ್ಟದ್ದು ಯಾಕೆ ಎಂಬುದರಲ್ಲಿ ಆಯ್ತಪ್ಪನಿಗೆ ಬೇರೆ ಅಭಿಪ್ರಾಯವಿತ್ತು. ಆದರೂ ಆಯ್ತು ಅಂದು ಎರಡು ಪುಟ ಬರೆದ. ಅತ್ತೆ ಸಹಿ ಹಾಕಿ, ಸೀಲು ಎಲ್ಲಿ ಎಂದು ಕೇಳಿದರು. ಅವನು ಪ್ಯಾಡಿಗೆ ಒತ್ತಿ ಸೀಲು ಹಾಕಿದ. ನೀಲಿಯಾಗಿ, ದುಂಡಗೆ, ಒಂದು ಅಕ್ಷರ ಹೋಗದ ಹಾಗೆ ಮೂಡಿತು. ಆ ಸೀಲು ಅಷ್ಟು ಚೆನ್ನಾಗಿ ಬಿದ್ದದ್ದು ಅದೇ ಮೊದಲು.

ಅತ್ತೆ ಆ ಕಾಗದದ ಸುದ್ದಿಯನ್ನು ಹಿತ್ತಿಲ ಬೇಲಿಗೆ ಹೇಳಿದರು. ಬೇಲಿ ಅಲ್ಲಿಂದ ಮುಂದಿನ ಕೆಲಸ ನೋಡಿಕೊಂಡಿತು. ಕಾಲು ಗಂಟೆಯಲ್ಲಿ ಜಗಲಿಯ ಮೇಲೆ ಮೂವರು ಗಂಡಸರು ಕೂತಿದ್ದರು, ಮೂವರ ಮುಖದಲ್ಲೂ ಅವಮಾನ.

ಮೊದಲು ಹೆಡ್‌ಮಾಸ್ಟರರು ಗಂಟಲು ಸರಿಪಡಿಸಿಕೊಂಡರು. ಹಲ್ಲಿನ ಕತೆ ಮಕ್ಕಳಿಗೆ ಹೇಳುವಂಥದ್ದು. ನಿಜವಾಗಿ ದಾರಿ ಅಳೆದ ಅಧಿಕಾರಿ ತಮ್ಮ ತಂದೆಯವರ ಬಳಿ ಗಣಿತ ಕಲಿತ ಶಿಷ್ಯ. ಗುರುಗಳ ಮನೆಯ ಮೇಲೆ ಗೆರೆ ಎಳೆಯಲು ಕೈ ಬಾರದೆ ಗೆರೆಯನ್ನು ಬಾಗಿಸಿದ. ನೇರ ಗೆರೆ ಎಳೆಯಲು ಬಾರದ ಶಿಷ್ಯನನ್ನು ತಯಾರು ಮಾಡಿದ್ದು ಹೆಮ್ಮೆಯ ವಿಷಯ ಹೇಗಾಯಿತು ಎಂದು ಗಿರಣಿಯವರು ಅಡ್ಡ ಬಾಯಿ ಹಾಕಿದರು. ಅವರ ಅಜ್ಜ ಮೂರು ದಿನ, ಮೂರು ರಾತ್ರಿ, ಅಳತೆಯ ಸರಪಳಿಗೆ ಅಡ್ಡಡ್ಡ ಮಲಗಿದ್ದರಂತೆ. ಅಜ್ಜನ ಗಾತ್ರ ನೋಡಿದ ಎಂಜಿನಿಯರು, ಇವರನ್ನು ಸರಿಸುವುದಕ್ಕಿಂತ ದಾರಿ ಸರಿಸುವುದು ಸುಲಭ ಎಂದು ಲೆಕ್ಕ ಹಾಕಿದನಂತೆ. ಗಿರಣಿಯವರನ್ನು ನೋಡಿದರೆ ಈ ಕತೆ ನಂಬಬಹುದಾಗಿತ್ತು.

ದರ್ಜಿ ಮಾತ್ರ ಸಮಾಧಾನದಲ್ಲಿ ಹೇಳಿದ. ಸರಪಳಿ ಎಲ್ಲಿತ್ತು ಸ್ವಾಮಿ, ಅದು ಹಿಂದಿನ ಹಳ್ಳದಲ್ಲೇ ಕಳೆದುಹೋಗಿತ್ತು. ಇಲ್ಲಿಂದ ಮುಂದೆ ದಾರಿ ಅಳೆದದ್ದು ನಮ್ಮ ತಾತನ ಟೇಪಿನಲ್ಲಿ. ತಾತ ಕೋಟು ಹೊಲಿಯುವ ಕೈ. ಸೊಂಟದ ಹತ್ತಿರ ಸ್ವಲ್ಪ ಒಳಗೆ ಹಿಡಿದುಬಿಟ್ಟರು. ಅದಕ್ಕೇ ನೋಡಿ, ಆ ತಿರುವು ಎಷ್ಟು ಚೆನ್ನಾಗಿ ಕೂತಿದೆ.

ಆಯ್ತಪ್ಪ ಮೂವರಿಗೂ ಆಯ್ತು ಅಂದ. ಮೂವರದೂ ಬರೆದ. ಬರೆಯುತ್ತಿದ್ದಾಗ ಅವರು ಒಬ್ಬರ ಪುಟ ಒಬ್ಬರು ಬಗ್ಗಿ ನೋಡಿ, ಅವನಿಗೆ ಹೆಚ್ಚು ಸಾಲು ಹೋಯಿತು, ನನ್ನ ಅಜ್ಜನ ಹೆಸರಿಗೆ ‘ಶ್ರೀ’ ಹಾಕಿಲ್ಲ ಎಂದು ಜಗಳ ತೆಗೆದರು. ಆಮೇಲೆ ಸೀಲಿನ ಸರದಿ ಬಂತು. ಪ್ಯಾಡು ಒಣಗಿಹೋಗಿತ್ತು. ನೀರು ಹಾಕಿದ, ಉಗುಳು ಹಚ್ಚಿದ, ದರ್ಜಿಯ ಗುರುತು ಹಾಕುವ ನೀಲಿ ಸೀಮೆಸುಣ್ಣ ಕೂಡ ಉಜ್ಜಿ ನೋಡಿದ. ಏನೂ ಮೂಡಲಿಲ್ಲ. ಅತ್ತೆಯದಕ್ಕೆ ಮಾತ್ರ ಸೀಲು, ನಮಗೆ ಇಲ್ಲ. ಇದು ಮನೆಅಳಿಯನ ವರದಿ, ಸರ್ಕಾರದ್ದಲ್ಲ ಎಂದು ಮೂವರೂ ಅಂದೇ ಬಿಟ್ಟರು. ಅತ್ತೆ ಒಳಗಿನಿಂದ ಎಲ್ಲರಿಗೂ ಕಾಫಿ ಕಳಿಸಿದರು. ಗೆದ್ದವರಿಗೆ ಬರುವ ಔದಾರ್ಯ ಅದು.

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಹೆಡ್‌ಮಾಸ್ಟರರಿಗೆ ಇಲಾಖೆಯ ಕಾಗದವನ್ನೊಮ್ಮೆ ನೋಡುವ ಆಸೆಯಾಯಿತು. ಎಲ್ಲಾದರೂ ಕಾಗುಣಿತದ ತಪ್ಪು ಸಿಕ್ಕೀತು ಅಂತ. ಕನ್ನಡಕ ಏರಿಸಿ, ಕಾಗದ ಬೆಳಕಿಗೆ ಹಿಡಿದು, ಉಗುರಿನಿಂದ ಒಂದು ಮೂಲೆ ಕೆರೆದರು. ಹಾಳೆ ಎರಡಾಯಿತು. ಹನ್ನೊಂದು ತಿಂಗಳ ಚಹಾದ ಸಕ್ಕರೆ ಎರಡನೇ ಹಾಳೆಯನ್ನು ಮೊದಲನೆಯದರ ಬೆನ್ನಿಗೆ ಗೋಂದಿನ ಹಾಗೆ ಅಂಟಿಸಿಬಿಟ್ಟಿತ್ತು.

ಅವರು ತರಗತಿಯಲ್ಲಿ ಓದುವ ದನಿಯಲ್ಲೇ ಓದಿದರು: “ಸದರಿ ತಿರುವನ್ನು ಯಾವುದಾದರೂ ಖಾಸಗಿ ವ್ಯಕ್ತಿಯ ಹಿತಕ್ಕಾಗಿ ಮಾಡಿದ್ದು ಕಂಡುಬಂದಲ್ಲಿ, ಸದರಿ ವ್ಯಕ್ತಿಯ ಅಥವಾ ಅವರ ವಾರಸುದಾರರ ಮನೆಯನ್ನು ತೆರವುಗೊಳಿಸಿ, ಅದೇ ಜಾಗದ ಮೂಲಕ ದಾರಿಯನ್ನು ನೇರ ಮಾಡತಕ್ಕದ್ದು.”

ಜಗಲಿಯ ಮೇಲಿನ ಕಾಫಿ ಲೋಟಗಳೆಲ್ಲ ಒಟ್ಟಿಗೆ ಕೆಳಗಿಳಿದವು.

ಮೊದಲು ಚೇತರಿಸಿಕೊಂಡವರು ಗಿರಣಿಯವರು. ತಮ್ಮ ಅಜ್ಜ ಅಡ್ಡ ಮಲಗಿದ್ದು ನಿಜವೇ, ಆದರೆ ಅದು ಅವರಿಗೆ ಮಧ್ಯಾಹ್ನ ನಿದ್ದೆ ಮಾಡುವ ಅಭ್ಯಾಸವಿದ್ದುದರಿಂದ, ಅದಕ್ಕೂ ದಾರಿಗೂ ಸಂಬಂಧವಿಲ್ಲ ಎಂದು ನೆನಪು ಮಾಡಿಕೊಂಡರು. ತಮ್ಮ ಹೇಳಿಕೆಯ ಕಾಗದವನ್ನು ಆಯ್ತಪ್ಪನ ಕೈಯಿಂದ ನಯವಾಗಿ ಎಳೆದುಕೊಂಡು ಎದ್ದರು. ಎರಡು ನಿಮಿಷಕ್ಕೆ ಗಿರಣಿ ಶುರುವಾದ ಸದ್ದು ಕೇಳಿತು. ಅಜ್ಜನ ಸಾಹಸ ಯಾರದೋ ಹಿಟ್ಟಿನಲ್ಲಿ ಬೆರೆತುಹೋಯಿತು. ದರ್ಜಿ ತನ್ನ ಹೇಳಿಕೆಯನ್ನು ನಾಲ್ಕಾಗಿ ಮಡಿಸಿ, ಜೇಬಿನಿಂದ ಕತ್ತರಿ ತೆಗೆದು, ಕೂತಲ್ಲೇ ಕಾಲರಿನ ಆಕಾರಕ್ಕೆ ಕತ್ತರಿಸಿಕೊಂಡ. ಹೆಡ್‌ಮಾಸ್ಟರರು ಹಾಗೆಲ್ಲ ಕಾಗದ ಹಾಳು ಮಾಡುವವರಲ್ಲ. ಕೆಂಪು ಪೆನ್ನು ತೆಗೆದು ‘ಬಾಗಿಸಿದನು’ ಎಂದಿದ್ದಲ್ಲಿ ‘ಬಾಗಿಸಲಿಲ್ಲ’ ಎಂದು ತಿದ್ದಿ, ಕೆಳಗೆ ಹತ್ತಕ್ಕೆ ಮೂರು ಅಂಕ ಹಾಕಿ ವಾಪಸ್ಸು ಕೊಟ್ಟರು.

“ಅಲ್ಲಯ್ಯಾ, ಹಲ್ಲಿನ ವಿಷಯ ನಮ್ಮ ತಂದೆಯವರೂ ಹೇಳ್ತಿದ್ರು,” ಅಂದರು ಹೊರಡುತ್ತ. “ಬಹಳ ದೊಡ್ಡ ಹಲ್ಲಂತೆ.”

ಬೆಳಿಗ್ಗೆ ಯಾರೂ ನಂಬದ ಹಲ್ಲನ್ನು ಈಗ ಸಾಲಿಗೆ ಸಾಲೇ ಕಣ್ಣಾರೆ ಕಂಡಿತ್ತು. ಆಯ್ತಪ್ಪ ತಿದ್ದದೆ ಉಳಿದಿದ್ದ ಒಂದೇ ಒಂದು ಹೇಳಿಕೆಯನ್ನು, ಅತ್ತೆಯದನ್ನು, ನೋಡಿದ. ದುಂಡಗೆ, ನೀಲಿಯಾಗಿ, ಸೀಲು ನಗುತ್ತಿತ್ತು.

ಈ ಮನೆ ತನ್ನದಲ್ಲ ಅಂತ ಹದಿನಾಲ್ಕು ವರ್ಷ ಅಂದುಕೊಂಡವನಿಗೆ ಈಗ ಮಾತ್ರ ಹಿಂದಿನ ಕೋಣೆಯ ಕಿಟಕಿ ಕಣ್ಣಿಗೆ ಬಂತು. ಹೋದ ವರ್ಷ ರಜೆಯ ಎರಡು ದಿನ ಕೂತು ಅದಕ್ಕೆ ತಾನೇ ಸೊಳ್ಳೆ ಪರದೆ ಹೊಡೆದಿದ್ದ. ಆ ಕೋಣೆಯಲ್ಲೇ ಮಗಳು ಪಾಠ ಓದುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋಗಿ ಅಟ್ಟದ ಮೇಲಿನ ದೊಡ್ಡ ಪಾತ್ರೆಗಳನ್ನು ಒಂದೊಂದಾಗಿ ಇಳಿಸತೊಡಗಿದಳು. ಅವಳು ಎಲ್ಲದರಲ್ಲೂ ಮುಂದಾಲೋಚನೆಯವಳು.

ಅವನು ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ನಿಂತ. ದಾರಿ ಬಾಗಿದ್ದು ಯಾಕೋ ಗೊತ್ತಿಲ್ಲ ಅಂತ ಇನ್ನೊಂದು ಹೇಳಿಕೆ ಕೊಟ್ಟುಬಿಡಿ, ಹಳೆಯದನ್ನು ನಾನೇ ಒಲೆಗೆ ಹಾಕುತ್ತೇನೆ, ಸೀಲು ಹಾಕಿದ ಕಾಗದ ಕಳೆದುಹೋಯಿತು ಅಂತ ನನ್ನ ಮೇಲೆ ಬಂದರೂ ಬರಲಿ ಎಂದು ಒಂದೇ ಉಸಿರಿಗೆ ಹೇಳಿದ. ಅವನ ಜೀವನದಲ್ಲಿ ಅಷ್ಟು ಉದ್ದದ ಮಾತು, ಅಷ್ಟು ದೊಡ್ಡ ಅಪರಾಧ, ಎರಡೂ ಮೊದಲು.

ಅತ್ತೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಬೆಳಿಗ್ಗೆ ಮೂರು ಜನ ಕೂತ್ಕೊಂಡು, ಡಾಕ್ಟ್ರಿಗಲ್ಲ, ನಮ್ಮೋರಿಗೆ ಬಾಗಿದ್ದು ಅಂದ್ರು. ಈಗ ಮೂರು ಜನಾನೂ ಒಪ್ಪಿದಾರೆ, ಡಾಕ್ಟ್ರಿಗೇ ಬಾಗಿದ್ದು ಅಂತ. ಇವತ್ತು ನಾನು ಅಲ್ಲ ಅಂತ ಬರೆದುಕೊಡ್ಲಾ?”

“ಮನೆ ಹೋಗತ್ತೆ ಅತ್ತೆ.”

“ಮನೆ ಇನ್ನೊಂದು ಕಟ್ಬೋದು ಅಳಿಯಂದ್ರೇ. ಈ ಮೂರು ಜನ ಒಂದೇ ಮಾತು ಆಡೋದು ಇನ್ನೊಂದ್ಸಲ ಆಗಲ್ಲ.”

ಆಯ್ತಪ್ಪನ ಬಾಯಿಂದ ಅಭ್ಯಾಸದಂತೆ ಆಯ್ತು ಅನ್ನುವ ಮಾತು ಹೊರಟಿತು. ಹೊರಟ ಮೇಲೆ ತಡೆಯಲು ಹೋಗಿ ಕೆಮ್ಮಿದ.

ಗಂಟೆ ಮೂರಾಗಿತ್ತು. ಬೆವರುತ್ತ ಅವನು ಬೀದಿಗೆ ಬಂದ. ಬೀದಿ ಗುರುತೇ ಸಿಗದಷ್ಟು ಬದಲಾಗಿತ್ತು. ಇಲಾಖೆಯವರು ಬಂದು ನೋಡಿದರೆ ಅಂತ, ಹೆದ್ದಾರಿಯ ಜೊತೆ ತಮಗೆ ಯಾವ ನಂಟೂ ಇಲ್ಲವೆಂದು ತೋರಿಸುವ ಭರದಲ್ಲಿ ಎಲ್ಲರೂ ಇದ್ದರು. ಗಿರಣಿಯವರು ದಾರಿಗೆ ಮುಖ ಮಾಡಿದ್ದ ಬೋರ್ಡು ಇಳಿಸಿ ಒಳಗೆ ಒಯ್ದಿದ್ದರು. ಹೆಡ್‌ಮಾಸ್ಟರರು ದಾರಿಯ ಕಡೆಗಿನ ಕಿಟಕಿ ಮುಚ್ಚಿದ್ದರು. ದರ್ಜಿಯಂತೂ ಅಂಗಡಿಯ ಬಾಗಿಲು ಅರ್ಧ ಎಳೆದು, ತಿರುವಿನ ಕಿಲೋಮೀಟರು ಕಲ್ಲಿನ ಮೇಲೆ ವರ್ಷಗಟ್ಟಲೆಯಿಂದ ಒಣಹಾಕುತ್ತಿದ್ದ ಲೈನಿಂಗ್ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಹೋಗಿದ್ದ. ಇಷ್ಟು ದಿನ ರವಿಕೆ ಬಟ್ಟೆಯ ಗುಡ್ಡೆಯಾಗಿದ್ದದ್ದು ಈಗ ಕಲ್ಲಾಗಿ ಹೊರಬಂದಿತ್ತು. ಹೋದ ಬೇಸಿಗೆಯಲ್ಲಿ ಹೊಡೆದ ಬಣ್ಣ ಇನ್ನೂ ಹೊಸದಾಗಿತ್ತು.

ಆಯ್ತಪ್ಪ ಅದರ ಮೇಲೆ ಕೂರಲು ಹೋದವನು ಅರ್ಧಕ್ಕೆ ನಿಂತ. ಕಲ್ಲಿನ ಮೇಲೆ ಬರೆದದ್ದು ಮೂವತ್ತೆರಡು.

ಅವನು ಕಣ್ಣುಜ್ಜಿಕೊಂಡ. ತಾನು ಮದುವೆಯಾಗಿ ಬಂದಾಗ ಇಲ್ಲಿದ್ದದ್ದು ಹದಿನಾಲ್ಕು, ಸ್ಟೇಷನ್ನಿನಿಂದ ಹದಿನಾಲ್ಕು. ಆಮೇಲೆ ಬಟ್ಟೆಯಡಿ ಏನಾಯಿತು ಯಾರೂ ನೋಡಿರಲಿಲ್ಲ, ರಸ್ತೆ ಇಲಾಖೆಯ ಗುಮಾಸ್ತನೂ ನೋಡಿರಲಿಲ್ಲ. ನಲವತ್ತಾರರಲ್ಲಿ ಹದಿನಾಲ್ಕು ಕಳೆದ. ಮೂವತ್ತೆರಡು. ಯಾರೋ ದಾರಿಯನ್ನು ಸೇತುವೆಯ ಕಡೆಯಿಂದ ಎಣಿಸಿದ್ದರು.

ಗಡಬಡಿಸಿ ಚೀಲದಿಂದ ಕಾಗದ ತೆಗೆದು ಬಿಸಿಲಿಗೆ ಹಿಡಿದ. ‘ಹದಿನಾಲ್ಕನೇ ಕಲ್ಲಿನ ಸಮೀಪ’ ಎಂಬುದರ ಪಕ್ಕದಲ್ಲಿ, ಎಲ್ಲಕ್ಕಿಂತ ದಪ್ಪನೆಯ ಚಹಾ ಬಳೆಯ ಅಡಿಯಲ್ಲಿ, ಹೊಳೆಯಲ್ಲಿ ಮುಳುಗಿದ ನಾಣ್ಯದ ಹಾಗೆ ಕೆಲವು ಅಕ್ಷರ ಕಂಡವು: ಹೊಸ ಎಣಿಕೆಯಂತೆ, ಸೇತುವೆಯಿಂದ. ಅವನು ಕಚೇರಿಯ ಅಟೆಂಡರಿಗೆ ಫೋನ್ ಮಾಡಿ, ಟಪಾಲು ಪೆಟ್ಟಿಗೆಯಲ್ಲಿ ಕಲ್ಲುಗಳ ಎಣಿಕೆಯ ವಿಷಯ ಏನಾದರೂ ಇದೆಯಾ ನೋಡು ಅಂದ. ಅಟೆಂಡರು ಐದು ನಿಮಿಷ ಧೂಳು ಕೊಡವಿ, ಇದೆ, ಎರಡು ವರ್ಷದ ಹಿಂದಿನ ಆದೇಶ, ಲಕೋಟೆ ಇನ್ನೂ ಒಡೆದಿಲ್ಲ, ವಿಷಯ ಮೇಲೆಯೇ ಬರೆದಿದೆ ಅಂದ.

ಅಂದರೆ ಸರ್ಕಾರ ಕೇಳಿದ್ದು ಈ ತಿರುವನ್ನಲ್ಲ. ಆಚೆ ತುದಿಯಲ್ಲಿ, ಸೇತುವೆಯಿಂದ ಹದಿನಾಲ್ಕನೇ ಕಲ್ಲಿನ ಹತ್ತಿರ, ಬೇರೆ ಯಾರೋ ಇದ್ದಾರೆ. ಆಯ್ತಪ್ಪನಿಗೆ ಕಲ್ಲನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ದರ್ಜಿ ಬಾಗಿಲ ಸಂದಿಯಿಂದ ನೋಡುತ್ತಿದ್ದನಾದ್ದರಿಂದ ತಟ್ಟಿ ಬಿಟ್ಟ.

ಮೂರೂ ಮುಕ್ಕಾಲಿನ ಬಸ್ಸು ಸೇತುವೆ ಕಡೆಯಿಂದ ಬಂತು. ಇಡೀ ಹೆದ್ದಾರಿಯನ್ನು ದಿನಕ್ಕೆ ನಾಲ್ಕು ಸಲ ಮೇಲೆ ಕೆಳಗೆ ಓಡಾಡುವ ಕಂಡಕ್ಟರನಿಗೆ ಆ ದಾರಿಯ ಹೊಂಡಗಳೆಲ್ಲ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಸೇತುವೆಯಿಂದ ಹದಿನಾಲ್ಕರ ಹತ್ತಿರ ತಿರುವು ಇದೆಯಾ ಎಂದು ಕೇಳಿದ್ದೇ ತಡ, ಅವನು ಟಿಕೆಟ್ ಹರಿಯುವುದನ್ನು ಬಿಟ್ಟು ಪಕ್ಕದಲ್ಲಿ ಕೂತ. ಯಾಕಿಲ್ಲ, ಅಲ್ಲಿ ಬಸ್ಸು ತಿರುಗುವಾಗ ನಿಂತವರೆಲ್ಲ ಕೂತವರ ಮಡಿಲಿಗೆ ಬೀಳುತ್ತಾರೆ. ಮೂರು ವರ್ಷದ ಹಿಂದೆ ಅಲ್ಲಿ ದಾರಿ ನೆಟ್ಟಗಿತ್ತು. ಆಮೇಲೆ ಒಂದು ಮನೆ ಎದ್ದಿತು. ಮನೆ ಎದ್ದದ್ದು ದಾರಿಯ ಮೇಲೇ. ಮುಂದಿನ ಮಳೆಗಾಲ ಮುಗಿದು ಡಾಂಬರು ಹಾಕುವಾಗ ದಾರಿಯೇ ಮರ್ಯಾದೆಯಿಂದ ಪಕ್ಕಕ್ಕೆ ಸರಿಯಿತು. ಎರಡು ಅಂತಸ್ತು, ಕೆನೆ ಬಣ್ಣ, ಮೇಲೆ ಬಾಲ್ಕನಿ, ಬಾಲ್ಕನಿಯಲ್ಲಿ ಸಾಲಾಗಿ ಹೂವಿನ ಕುಂಡ. ಮಾಲೀಕರು ಯಾರೋ ಅಧಿಕಾರಿಯಂತೆ. ಹೆಸರು ಗೊತ್ತಿಲ್ಲ, ಬಸ್ಸಿನಲ್ಲಿ ಓಡಾಡುವ ಜನವಲ್ಲ.

ಆಯ್ತಪ್ಪ ಆ ಅಪರಿಚಿತನನ್ನು ಮನಸ್ಸಿನಲ್ಲೇ ಹರಸಿದ. ಬಸ್ಸಿನಲ್ಲಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ವರದಿ ಬರೆದ. ಅಕ್ಷರ ಹೊಂಡಗಳಿಗೆ ತಕ್ಕಂತೆ ಹಾರಿದವು. ವಿಷಯ ಮಾತ್ರ ಗಟ್ಟಿಯಾಗಿತ್ತು. ಹದಿನಾರು ವರ್ಷದಲ್ಲಿ ಮೊದಲ ಸಲ, ಯಾರೂ ಹೇಳದೆ, ತಾನೇ ಕಂಡುಹಿಡಿದ ಒಂದು ಸಂಗತಿ.

ಕಚೇರಿ ತಲುಪಿದಾಗ ನಾಲ್ಕೂ ಇಪ್ಪತ್ತು. ಸಾಹೇಬರು ಕನ್ನಡಕ ಒರೆಸುತ್ತಿದ್ದರು. ಆಯ್ತಪ್ಪ ಕೂರದೆ, ನೀರೂ ಕುಡಿಯದೆ, ಎಲ್ಲವನ್ನೂ ಹೇಳಿದ: ಎರಡನೇ ಹಾಳೆ, ಕಲ್ಲು, ಎಣಿಕೆ, ಒಡೆಯದ ಲಕೋಟೆ. ಸಾಹೇಬರು ಭೇಷ್ ಅಂದರು. ಇಂಥ ಬುದ್ಧಿವಂತ ನಮ್ಮ ಕಚೇರಿಯಲ್ಲಿದ್ದಾನೆ ಅಂತಲೇ ಗೊತ್ತಿರಲಿಲ್ಲ, ಈ ಸಲ ಬಡ್ತಿಯ ಪಟ್ಟಿ ಹೋಗುವಾಗ ನೆನಪು ಮಾಡಿ ಅಂದರು. ಆಯ್ತಪ್ಪನಿಗೆ ಹುರುಪು ಬಂತು. ಅವನು ಕಂಡಕ್ಟರು ಹೇಳಿದ ಮನೆಯ ವಿಷಯಕ್ಕೆ ಬಂದ. ಕಂಡಕ್ಟರು ಹೇಳದೇ ಇದ್ದದ್ದನ್ನೂ ಸ್ವಲ್ಪ ಸೇರಿಸಿದ.

“ದಾರಿ ಮೇಲೇ ಮನೆ ಕಟ್ಟಿ, ದಾರೀನೇ ಸರಿಸಿದ್ದಾನೆ ಸಾರ್. ಇಂಥೋರ ಅಡುಗೆಮನೆಯೊಳಗೇ ಲಾರಿ ಓಡಿಸ್ಬೇಕು. ಕೆನೆ ಬಣ್ಣದ ಮನೆಯಂತೆ, ಬಾಲ್ಕನಿ ತುಂಬ ಒಂಬತ್ತು ಹೂವಿನ ಕುಂಡ ಬೇರೆ.”

ಸಾಹೇಬರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು.

“ಹನ್ನೊಂದು,” ಅಂದರು.

ಆಯ್ತಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಸಾಹೇಬರ ಮನೆ ಸೇತುವೆ ಕಡೆಗೆಲ್ಲೋ ಇದೆ ಅನ್ನುವುದಷ್ಟೇ ಕಚೇರಿಗೆ ಗೊತ್ತಿತ್ತು. ಅವರು ಯಾರನ್ನೂ ಮನೆಗೆ ಕರೆದವರಲ್ಲ. ಅರ್ಥವಾದಾಗ ಅವನು ಚೀಲವನ್ನು ಎದೆಗೆ ಅವಚಿಕೊಂಡ. ಸಾಹೇಬರು ಕನ್ನಡಕ ಹಾಕಿಕೊಂಡು, ಅವನನ್ನು ಅತ್ಯಂತ ಪ್ರೀತಿಯಿಂದ ನೋಡಿ, ಕೂರಲು ಹೇಳಿದರು.

ಅವರು ಸಿಟ್ಟಾಗಲಿಲ್ಲ. ನಿಯಮವನ್ನು ವಿವರಿಸಿದರು. ಎಣಿಕೆ ಬದಲಾದ ಆದೇಶ ಬಂದಿರಬಹುದು, ಆದರೆ ಲಕೋಟೆ ಒಡೆದಿಲ್ಲ. ಒಡೆಯದ ಲಕೋಟೆಯಲ್ಲಿ ಏನಿದೆ ಎಂದು ಒಬ್ಬ ಜವಾಬ್ದಾರಿಯುತ ಅಧಿಕಾರಿ ಊಹೆ ಮಾಡುವಂತಿಲ್ಲ. ಆದ್ದರಿಂದ ಈ ಕಚೇರಿಯ ಮಟ್ಟಿಗೆ ಹಳೆಯ ಎಣಿಕೆಯೇ ಜಾರಿಯಲ್ಲಿದೆ. ಹಳೆಯ ಎಣಿಕೆಯಂತೆ ಹದಿನಾಲ್ಕನೇ ಕಲ್ಲು ಎಲ್ಲಿದೆಯೋ ಅಲ್ಲಿಯ ಹೇಳಿಕೆ ತಂದಿದ್ದೀರಿ. ಬಹಳ ಸರಿಯಾದ ಕೆಲಸ. ಹೀಗೆನ್ನುತ್ತ ಅವರು ಬಸ್ಸಿನಲ್ಲಿ ಬರೆದ ವರದಿಯನ್ನು ಎರಡಾಗಿ ಮಡಿಸಿ ತಮ್ಮ ಜೇಬಿಗಿಟ್ಟುಕೊಂಡರು. ಚೀಲದ ಬಾಯಿಂದ ಇಣುಕುತ್ತಿದ್ದ ಅತ್ತೆಯ ಹೇಳಿಕೆಯನ್ನು ಎರಡು ಬೆರಳಲ್ಲಿ ಹೊರಗೆಳೆದರು.

“ಎಷ್ಟು ಚೆನ್ನಾಗಿ ಬಿದ್ದಿದೆ ಸೀಲು,” ಅಂದರು.

“ಸಾರ್, ಅದು ನಮ್ಮ ಮನೆ.”

“ಗೊತ್ತು. ಸ್ವಂತ ಮನೆ ಅಂತ ನೋಡ್ದೆ ನಿಜ ಬರೆದಿದೀರಿ. ಇಂಥ ನೌಕರ ಎಲ್ಲಿ ಸಿಗ್ತಾನೆ ಹೇಳಿ.”

ಐದಕ್ಕೆ ಒಂದು ನಿಮಿಷ ಮೊದಲೇ ಜೀಪು ಹೊರಟಿತು. ಆ ಕಚೇರಿಯ ಚರಿತ್ರೆಯಲ್ಲಿ ಸಮಯಕ್ಕೆ ಸರಿಯಾಗಿ ಹೋದ ಮೊದಲ ವರದಿ ಅದು.

ಆಯ್ತಪ್ಪ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು, ಹೆಂಡತಿಗೆ ಹೇಗೆ ಹೇಳುವುದು ಎಂದು ನಾಲ್ಕು ಥರ ಯೋಚಿಸಿದ. ನಾಲ್ಕೂ ‘ನೋಡು’ ಎಂದು ಶುರುವಾಗಿ ಅಲ್ಲೇ ನಿಲ್ಲುತ್ತಿದ್ದವು. ತಿರುವು ಬಂತು. ಬಸ್ಸು ಎಡಕ್ಕೆ ಹೊರಳಿತು. ಅವನು ಇಳಿದು ಸಾಲಿನ ಕಡೆ ನಡೆದ.

ಜಗಲಿಯ ಮೇಲೆ ಮೂವರೂ ಕೂತಿದ್ದರು. ಬೆಳಗಿನ ಅವಮಾನವೂ ಮಧ್ಯಾಹ್ನದ ಭಯವೂ ಈಗ ಅವರ ಮುಖದಲ್ಲಿ ಇರಲಿಲ್ಲ. ಏನೋ ಒಂದು ಹಿತವಾದ ಹೊಳಪು ಇತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ, ಹಜಾರದಲ್ಲಿ, ಅಟ್ಟದಿಂದ ಇಳಿದ ಪಾತ್ರೆಗಳು ಸಂತೆಗೆ ಹೊರಟಂತೆ ಸಾಲಾಗಿದ್ದವು.

ವರದಿ ಹೋಯಿತೇ ಎಂದು ಅತ್ತೆ ಕೇಳಿದರು. ಹೋಯಿತು ಅಂದ.

“ಯಾರ್ಯಾರ ಹೆಸರಿದೆ?”

“ನಮ್ಮದೊಂದೇ.”

ಅತ್ತೆ ಒಮ್ಮೆ ಮೂವರ ಕಡೆಯೂ ನೋಡಿ, ತಲೆಯಾಡಿಸಿ, ಒಳಗೆ ಹೋದರು. ಹೆಂಡತಿ ಗಂಡನ ಮುಖ ನೋಡಿದಳು. ಅವನು ನೋಡು ಎಂದು ಶುರು ಮಾಡಿದ. ಅವಳು ಬೇಡ ಎಂಬಂತೆ ಕೈ ಮಾಡಿ, ಪಾತ್ರೆಗಳಿಗೆ ಹಳೆಯ ಬಟ್ಟೆ ಸುತ್ತಲು ಕೂತಳು.

ಹೆಡ್‌ಮಾಸ್ಟರರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವನು ಬಸ್ಸು ಹತ್ತಿದ ಮೇಲೆ ಮೂವರೂ ಕೂತು ಲೆಕ್ಕ ಹಾಕಿದ್ದರಂತೆ. ದಾರಿ ಈ ಮನೆಯ ಮೇಲೆ ನೇರವಾಗಿ ಹಾಯ್ದರೆ, ಆಚೆ ಹೆಡ್‌ಮಾಸ್ಟರರ ಮನೆ, ಈಚೆ ಗಿರಣಿ, ಎರಡೂ ಹೆದ್ದಾರಿಗೆ ಮುಖವಾಗುತ್ತವೆ. ಹೆಡ್‌ಮಾಸ್ಟರರ ಮುಂದಿನ ಕೋಣೆ ಔಷಧಿ ಅಂಗಡಿಗೆ ಬಾಡಿಗೆ ಹೋಗುತ್ತದೆ. ಗಿರಣಿಯ ಎದುರೇ ಲಾರಿ ನಿಲ್ಲಬಹುದು. ದರ್ಜಿಗೂ ತೊಂದರೆ ಇಲ್ಲ. ಬಸ್ ಸ್ಟಾಪು ಅವನ ಹಿತ್ತಿಲಿಗೆ ಬರುವ ಹಾಗೆ ಕೇಳಿಕೊಂಡರಾಯಿತು. ಎಲ್ಲ ಸರಿ, ಒಂದೇ ಭಯ. ಸರ್ಕಾರದ ಕೆಲಸ, ಎಲ್ಲಿ ಹತ್ತು ವರ್ಷ ಎಳೆದುಬಿಡುತ್ತಾರೋ ಅಂತ.

“ಅದಕ್ಕೇ ಒಂದು ಅರ್ಜಿ ಹಾಕೋಣ ಅಂತ,” ಅಂದರು ಗಿರಣಿಯವರು, ಸ್ವಲ್ಪ ಸಂಕೋಚದಿಂದ. “ಈ ಮನೆ ಆದಷ್ಟು ಬೇಗ ಒಡೀಲಿ ಅಂತ ಊರೋರ ಪರವಾಗಿ. ನಮ್ಮ ಮೂವರದೂ ಅಕ್ಷರ ಚೆನ್ನಾಗಿಲ್ಲ.”

ದರ್ಜಿ ಬಿಳಿ ಹಾಳೆ ಚಾಚಿದ. ಹೆಡ್‌ಮಾಸ್ಟರರು ಪೆನ್ನಿನ ಮುಚ್ಚಳ ತೆಗೆದು ಕೈಗಿಟ್ಟರು.

ಆಯ್ತಪ್ಪ ಹಾಳೆಯನ್ನು ತೊಡೆಯ ಮೇಲೆ ನೇರ ಮಾಡಿಕೊಂಡು, ಎಡಗಡೆ ಎರಡು ಬೆರಳು ಜಾಗ ಬಿಟ್ಟು, ‘ಮಾನ್ಯರೇ’ ಎಂದು ಬರೆದ. ಮನೆ ಯಾವುದು ಎಂದು ಗೊತ್ತಾಗಲು ಗುರುತು ಏನು ಕೊಡೋಣ ಎಂದು ಕೇಳಿದ. ಉತ್ತರ ಬರುವ ಮೊದಲೇ ಅವನ ಪೆನ್ನು ‘ಕೆನೆ ಬಣ್ಣ, ಹನ್ನೊಂದು ಹೂವಿನ ಕುಂಡ’ ಎಂದು ಬರೆದಿತ್ತು.